ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ (22 ಸೆಪ್ಟೆಂಬರ್ 1834 – 29 ಡಿಸೆಂಬರ್ 1912) ಇಂಗ್ಲೆಂಡ್ ಮೂಲದ ಭೂವಿಜ್ಞಾನಿ ಹಾಗೂ ಪುರಾತತ್ವ ಸಂಶೋಧಕರು. ಇವರನ್ನು ಭಾರತದ ಪ್ರಾಗಿತಿಹಾಸ ಅಧ್ಯಯನದ ಪಿತಾಮಹರೆಂದು ಕರೆಯಲಾಗುತ್ತದೆ. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸುವ ಮೂಲಕ ಭಾರತದಲ್ಲಿ ಮಾನವನ ಪ್ರಾಚೀನತೆಗೆ ಮೊದಲ ಖಚಿತ ಸಾಕ್ಷ್ಯವನ್ನು ಒದಗಿಸಿದರು. ಇಂದಿನ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ, ರಾಯಚೂರು ಮತ್ತು ಬಳ್ಳಾರಿ ಭಾಗಗಳಲ್ಲಿ ಇವರು ದೀರ್ಘಕಾಲ ಸಂಚರಿಸಿ ಶಿಲೆಗಳನ್ನೂ ಪ್ರಾಚೀನ ನೆಲೆಗಳನ್ನೂ ದಾಖಲಿಸಿದರು. ರಾಮಾಯಣ, ಮಹಾಭಾರತಗಳ ಕಾಳಗದಲ್ಲಿ ಮಡಿದ ವೀರರ ಹಾಗೂ ರಾಕ್ಷಸರ ಚಿತಾಭಸ್ಮವೆಂದು ಜನರು ನಂಬಿದ್ದ ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಸೆಗಣಿಯ ಬೂದಿಯೆಂಬ ನಿರ್ಣಯಕ್ಕೆ ಬಂದದ್ದು ಇವರ ಮುಖ್ಯ ಕೊಡುಗೆಗಳಲ್ಲಿ ಒಂದು.

ಆರಂಭಿಕ ಜೀವನ

ಫೂಟ್ ಅವರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಥಾಮಸ್ ಓಲ್ಡ್‌ಹ್ಯಾಮ್ ಅವರು ಆಗ ಆ ಇಲಾಖೆಯ ಮುಖ್ಯಸ್ಥರಾಗಿದ್ದರು. ದೇಶದ ಶಿಲಾಪದರಗಳ ನಕ್ಷೆ ತಯಾರಿಸುವುದು, ಕಲ್ಲಿದ್ದಲು, ಕಬ್ಬಿಣ, ಬಂಗಾರ ಮುಂತಾದ ಖನಿಜಗಳಿರುವ ಸ್ಥಳಗಳನ್ನು ಗುರುತಿಸುವುದು ಇಲಾಖೆಯ ಕೆಲಸವಾಗಿತ್ತು. ಫೂಟ್ ಅವರು ಮದರಾಸ್ ವಿಭಾಗಕ್ಕೆ ನಿಯೋಜಿತರಾದರು. ಮುಂದೆ ಅವರ ಸೇವಾವಧಿಯ ಬಹುಭಾಗ ದಕ್ಷಿಣ ಭಾರತದಲ್ಲಿಯೇ ಕಳೆಯಿತು.

ಇವರ ಮೊದಲ ಪತ್ನಿ ಎಲಿಜಬೆತ್ ಅವರು, ತಮಿಳು ವಿದ್ವಾಂಸರೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಮಗಳು. ಎಲಿಜಬೆತ್ ಅವರು 1870ರಲ್ಲಿ ತೀರಿಕೊಂಡರು. ನಂತರ ಫೂಟ್ ಅವರು ಎರಡನೆಯ ವಿವಾಹವಾದರು. ಅವರ ಮಗ ಹೆನ್ರಿ ಬ್ರೂಸ್ ಫೂಟ್ ಸೇನಾಧಿಕಾರಿಯಾಗಿದ್ದು, ತಂದೆಯ ಸಂಶೋಧನೆಗೆ ನೆರವಾದರು.

ಪಲ್ಲಾವರದ ಶೋಧ

ಯುರೋಪಿನಲ್ಲಿ ಮಾನವನ ಪ್ರಾಚೀನತೆಯ ಕುರಿತು ದೊಡ್ಡ ಚರ್ಚೆ ನಡೆದಿದ್ದ ಕಾಲವದು. ಫ್ರಾನ್ಸಿನ ಸೋಮ್ ನದಿಯ ದಂಡೆಯಲ್ಲಿ ಬೂಷೆ ದ ಪೆರ್ತ್ ಅವರು, ಅಳಿದುಹೋದ ಪ್ರಾಣಿಗಳ ಎಲುಬುಗಳೊಂದಿಗೆ ದೊರೆತ ಕಲ್ಲಿನ ಆಯುಧಗಳನ್ನು ಬಹಳ ವರ್ಷಗಳಿಂದ ಸಂಗ್ರಹಿಸುತ್ತಿದ್ದರು. 1859ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ಜೋಸೆಫ್ ಪ್ರೆಸ್ಟ್‌ವಿಚ್ ಮತ್ತು ಪುರಾತತ್ವಜ್ಞ ಜಾನ್ ಇವಾನ್ಸ್ ಅವರು ಆ ನೆಲೆಗಳನ್ನು ಸ್ವತಃ ನೋಡಿ ಬಂದು, ಅವು ಮನುಷ್ಯನೇ ಮಾಡಿದ ಆಯುಧಗಳೆಂದು ಒಪ್ಪಿದರು. ಈ ಚರ್ಚೆಯನ್ನು ಅರಿತಿದ್ದ ಫೂಟ್ ಅವರು, ಭಾರತದಲ್ಲಿಯೂ ಅಂಥ ವಸ್ತುಗಳು ಸಿಗಬಹುದೆಂಬ ಎಚ್ಚರದಿಂದ ನೆಲವನ್ನು ನೋಡುತ್ತ ನಡೆದರು.

1863ರ ಮೇ 30ರಂದು ಪಲ್ಲಾವರದ ಸೇನಾ ಮೈದಾನದ ಹತ್ತಿರ ಜಂಬಿಟ್ಟಿಗೆಯ ಜಲ್ಲಿ ತೆಗೆದಿದ್ದ ಗುಂಡಿಯೊಂದರಲ್ಲಿ ಅವರಿಗೆ ಕ್ವಾರ್ಟ್‌ಜೈಟ್ ಕಲ್ಲಿನ ಕೈಗೊಡಲಿ ದೊರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರ ಜೊತೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಅನೇಕ ಆಯುಧಗಳನ್ನು ಕಂಡರು. ಅತ್ತಿರಂಪಾಕ್ಕಂ ಇಂದು ಭಾರತದ ಅತ್ಯಂತ ಹಳೆಯ ಮಾನವ ನೆಲೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಆಯುಧ ಯಾವ ಪದರದಲ್ಲಿ ಸಿಕ್ಕಿತು, ಆ ಪದರ ಹೇಗೆ ರೂಪುಗೊಂಡಿತು ಎಂಬ ಎರಡು ಪ್ರಶ್ನೆಗಳನ್ನು ಫೂಟ್ ಅವರು ಮೊದಲಿನಿಂದಲೂ ಜೊತೆಯಾಗಿ ಕೇಳಿಕೊಂಡರು. ಮುಂದಿನ ಎಲ್ಲ ಕೆಲಸಗಳಲ್ಲಿಯೂ ಇದೇ ಅವರ ವಿಧಾನವಾಯಿತು.

ಕೃಷ್ಣಾ ಕಣಿವೆಯಲ್ಲಿ

1870ರ ದಶಕದಲ್ಲಿ ಫೂಟ್ ಅವರು ಆಗ ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲಾಗುತ್ತಿದ್ದ ಪ್ರದೇಶವನ್ನು ಸರ್ವೇಕ್ಷಣೆ ಮಾಡಿದರು. ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳು, ಸುತ್ತಲಿನ ಸಂಸ್ಥಾನಗಳು ಇದರಲ್ಲಿ ಸೇರಿದ್ದವು. ಅವರ ವರದಿ 1876ರಲ್ಲಿ ಇಲಾಖೆಯ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. ಉತ್ತರದ ಅಥಣಿ, ಚಿಕ್ಕೋಡಿ ಭಾಗಗಳನ್ನು ಲಾವಾರಸ ಹೆಪ್ಪುಗಟ್ಟಿ ಆದ ಬಸಾಲ್ಟ್ ಕಲ್ಲು ಆವರಿಸಿದೆ. ಅಲ್ಲಿನ ಎರೆಭೂಮಿ ಹುಟ್ಟಿದ್ದು ಈ ಕಲ್ಲಿನಿಂದ. ದಕ್ಷಿಣಕ್ಕೆ ಗೋಕಾಕ, ಬಾದಾಮಿಗಳತ್ತ ಸಾಗಿದಂತೆ ಬಹಳ ಹಿಂದಿನ ಮರಳುಗಲ್ಲು ಮತ್ತು ಕ್ವಾರ್ಟ್‌ಜೈಟ್ ಶಿಲೆಗಳು ಎದುರಾಗುತ್ತವೆ. ಈ ಶಿಲಾವರ್ಗ ಇಂದಿಗೂ ಕಲಾದಗಿಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಕೃಷ್ಣೆಯ ಉಪನದಿಯಾದ ಘಟಪ್ರಭಾ ಕಣಿವೆಯಲ್ಲಿ, ಗೋಕಾಕದ ಸಮೀಪ, ಅವರಿಗೆ ಘೇಂಡಾಮೃಗದ ಪಳೆಯುಳಿಕೆ ದೊರೆಯಿತು. ಅದು ಹೊಸ ಪ್ರಭೇದವೆಂದು ನಿರ್ಧರಿಸಿ, ದಖ್ಖನಿನ ಹೆಸರು ಸೇರಿಸಿ ನಾಮಕರಣ ಮಾಡಿ 1874ರಲ್ಲಿ ವಿವರ ಪ್ರಕಟಿಸಿದರು. ಇಂದು ಒಣಹವೆಯ ಬಯಲಾಗಿರುವ ಈ ಸೀಮೆಯಲ್ಲಿ ಹಿಂದೊಮ್ಮೆ ಘೇಂಡಾಮೃಗಗಳು ಬದುಕುವಷ್ಟು ನೀರು, ಹುಲ್ಲು ಇತ್ತೆಂಬುದನ್ನು ಈ ಶೋಧ ತೋರಿಸಿತು. ಮಲಪ್ರಭಾ ದಂಡೆಯ ಖ್ಯಾಡ ಮೊದಲಾದ ಕಡೆಗಳಲ್ಲಿ ಹಳೆ ಶಿಲಾಯುಗದ ಕ್ವಾರ್ಟ್‌ಜೈಟ್ ಆಯುಧಗಳನ್ನು ಸಂಗ್ರಹಿಸಿದರು. ಇದೇ ದಶಕದಲ್ಲಿ ಗದಗ ಸಮೀಪದ ಡಂಬಳ ಗುಡ್ಡಗಳ ಬಂಗಾರದ ಶಿಲೆಗಳನ್ನು ಕುರಿತು ಬರೆದರು. ರಾಯಚೂರು ಸೀಮೆಯ ಮಸ್ಕಿಯನ್ನೂ ಅವರು ಪರಿಶೀಲಿಸಿದ್ದರು. ಅಶೋಕನ ಶಾಸನದಿಂದ ಮಸ್ಕಿ ಲೋಕಪ್ರಸಿದ್ಧವಾದದ್ದು ಅವರ ಮರಣಾನಂತರ, 1915ರಲ್ಲಿ.

ಧಾರವಾಡ ಶಿಲಾವರ್ಗ

ದಕ್ಷಿಣ ಭಾರತದ ಬಂಗಾರ ಮತ್ತು ಕಬ್ಬಿಣದ ಅದಿರುಗಳು ಬಹುಮಟ್ಟಿಗೆ ಒಂದೇ ಬಗೆಯ ಪ್ರಾಚೀನ ಶಿಲಾಪಟ್ಟಿಗಳಲ್ಲಿ ಇವೆಯೆಂಬುದನ್ನು ಫೂಟ್ ಅವರು ಗಮನಿಸಿದರು. ಈ ಶಿಲೆಗಳು ಸುತ್ತಲಿನ ಗ್ರಾನೈಟ್ ಮಾದರಿಯ ಶಿಲೆಗಳಿಂದ ಬೇರೆಯಾದವೆಂದು ತೋರಿಸಿ, 1880ರ ದಶಕದಲ್ಲಿ ಅವುಗಳಿಗೆ ಧಾರವಾಡ ಶಿಲಾವರ್ಗವೆಂದು ಹೆಸರಿಟ್ಟರು. ಸಂಡೂರಿನ ಕಬ್ಬಿಣದ ಗುಡ್ಡಗಳು, ಕೋಲಾರದ ಬಂಗಾರದ ಪಟ್ಟಿ, ಗದಗದ ಕಪ್ಪತಗುಡ್ಡ ಇದರೊಳಗೆ ಬರುತ್ತವೆ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡದ ಹೆಸರು ಸೇರಿದ್ದು ಹೀಗೆ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ದೊಡ್ಡ ಗ್ರಂಥ 1895ರಲ್ಲಿ ಹೊರಬಂದಿತು.

ಇದೇ ಅವಧಿಯಲ್ಲಿ, 1883ರಿಂದ 1885ರವರೆಗೆ, ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು ಅವರೂ ಅವರ ಮಗ ಹೆನ್ರಿ ಅವರೂ ಅಗೆದು ನೋಡಿದರು. ಅನೇಕ ಪ್ರಾಣಿಗಳ ಪಳೆಯುಳಿಕೆಗಳು ಅಲ್ಲಿ ದೊರೆತವು.

ಬೂದಿದಿಬ್ಬಗಳು ಮತ್ತು ಮಹಾಕಾವ್ಯದ ಕಾಳಗಗಳು

ಐತಿಹ್ಯ

ಬಳ್ಳಾರಿ, ರಾಯಚೂರು, ಯಾದಗಿರಿ ಭಾಗಗಳಲ್ಲಿಯೂ ನೆರೆಯ ತೆಲಂಗಾಣ, ಆಂಧ್ರದ ಜಿಲ್ಲೆಗಳಲ್ಲಿಯೂ ಬೂದಿಬಣ್ಣದ ದಿಬ್ಬಗಳು ಕಾಣಸಿಗುತ್ತವೆ. ಕೆಲವು ಹೊಲದ ನಡುವಿನ ಸಣ್ಣ ಗುಡ್ಡೆಗಳಾದರೆ, ಕೆಲವು ಮನೆಗಳಿಗಿಂತ ಎತ್ತರವಾಗಿವೆ. ಅಗೆದರೆ ಮೆತ್ತನೆಯ ಬಿಳಿ ಬೂದಿಯ ಜೊತೆಗೆ, ಬೆಂಕಿಯಲ್ಲಿ ಕರಗಿ ಗಾಜಿನಂತೆ ಗಟ್ಟಿಯಾದ, ತೂತುತೂತಾದ ಹೆಂಟೆಗಳು ಸಿಗುತ್ತವೆ. ಇಷ್ಟು ಬೂದಿ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಜನರು ಮಹಾಕಾವ್ಯಗಳಲ್ಲಿ ಉತ್ತರ ಕಂಡುಕೊಂಡಿದ್ದರು.

ಹಂಪೆ, ಆನೆಗೊಂದಿಗಳ ಪ್ರದೇಶವನ್ನು ರಾಮಾಯಣದ ಕಿಷ್ಕಿಂಧೆಯೆಂದು ನಂಬಲಾಗುತ್ತದೆ. ವಾಲಿ ಮತ್ತು ಸುಗ್ರೀವರ ಕಾಳಗದಲ್ಲಿ ರಾಮನ ಬಾಣಕ್ಕೆ ಸಿಲುಕಿ ಮಡಿದ ವಾಲಿಯನ್ನು ದಹಿಸಿದ ಸ್ಥಳವೇ ಹಂಪೆಯ ಸಮೀಪದ ನಿಂಬಾಪುರದ ಬೂದಿದಿಬ್ಬವೆಂಬುದು ಸ್ಥಳೀಯ ಐತಿಹ್ಯ. ಬಳ್ಳಾರಿ ಮತ್ತು ಹೊಸಪೇಟೆಗಳ ನಡುವೆ ಕುಡತಿನಿಯ ಹತ್ತಿರ ಇರುವ ದಿಬ್ಬವನ್ನು ಭೀಮನು ಕೊಂದ ಹಿಡಿಂಬಾಸುರನ ಚಿತಾಭಸ್ಮವೆಂದು ಹೇಳುತ್ತಿದ್ದರು. ಮದರಾಸ್ ಸೇನೆಯ ಅಧಿಕಾರಿ ಟಿ. ಜೆ. ನ್ಯೂಬೋಲ್ಡ್ ಅವರು 1843ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ದಿಬ್ಬಗಳನ್ನೂ ಅವುಗಳ ಕಥೆಗಳನ್ನೂ ಮೊದಲಿಗೆ ದಾಖಲಿಸಿದ್ದರು.

ಫೂಟ್ ಅವರ ನಿರ್ಣಯ

ಬಳ್ಳಾರಿಯ ಸರ್ವೇಕ್ಷಣೆಯ ಕಾಲದಲ್ಲಿ ಫೂಟ್ ಅವರು ಈ ದಿಬ್ಬಗಳನ್ನು ಒಂದೊಂದಾಗಿ ನೋಡಿದರು. ದಿಬ್ಬದ ಬೂದಿಯನ್ನು ಮಾತ್ರ ಪರೀಕ್ಷಿಸಿ ಅವರು ಸುಮ್ಮನಾಗಲಿಲ್ಲ. ಅದರ ಸುತ್ತಮುತ್ತಲಿನ ನೆಲದಲ್ಲಿ ಏನು ಬಿದ್ದಿದೆಯೆಂಬುದನ್ನೂ ಹುಡುಕಿದರು. ಅಲ್ಲಿ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು, ಅರೆಯುವ ಕಲ್ಲುಗಳು, ಮಡಕೆಯ ಚೂರುಗಳು, ದನಗಳ ಎಲುಬುಗಳು ದೊರೆತವು. ಬಳ್ಳಾರಿಗೆ ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲಿ ಇಂಥ ಕೊಡಲಿಗಳನ್ನು ತಯಾರಿಸುತ್ತಿದ್ದ ವಿಶಾಲವಾದ ನೆಲೆಯೇ ಇತ್ತು. ಗುಡ್ಡದಲ್ಲಿ ಹಾದುಹೋಗಿರುವ ಡಾಲರೈಟ್ ಎಂಬ ಕಪ್ಪು ಕಲ್ಲಿನಿಂದ ಕೊಡಲಿಗಳನ್ನು ಒಡೆದು, ತಟ್ಟಿ, ಉಜ್ಜಿ ಸಿದ್ಧಪಡಿಸುತ್ತಿದ್ದರು. ಅರ್ಧ ತಯಾರಾದವು, ಕೆಲಸದಲ್ಲಿ ಮುರಿದವು, ಎಸೆದ ಚಕ್ಕೆಗಳು ಅಲ್ಲಿ ರಾಶಿಯಾಗಿ ಬಿದ್ದಿದ್ದವು.

ಈ ವಸ್ತುಗಳಿಂದ ಫೂಟ್ ಅವರು ಎರಡು ತೀರ್ಮಾನಗಳಿಗೆ ಬಂದರು. ಮೊದಲನೆಯದಾಗಿ, ದಿಬ್ಬಗಳು ಲೋಹದ ಬಳಕೆಗೆ ಹಿಂದಿನ ನವಶಿಲಾಯುಗದ ಜನರಿಗೆ ಸೇರಿದವು. ಎರಡನೆಯದಾಗಿ, ಬೂದಿ ಹೆಣ ಸುಟ್ಟದ್ದರಿಂದ ಬಂದದ್ದಲ್ಲ, ದನದ ಸೆಗಣಿಯನ್ನು ದೊಡ್ಡ ಪ್ರಮಾಣದಲ್ಲಿ ಸುಟ್ಟದ್ದರಿಂದ ಬಂದದ್ದು. ಹುಲ್ಲಿನಲ್ಲಿ ಸಿಲಿಕಾ ಎಂಬ ಅಂಶವಿರುತ್ತದೆ. ಅದು ಹುಲ್ಲು ತಿನ್ನುವ ದನದ ಸೆಗಣಿಗೂ ಬರುತ್ತದೆ. ಒಲೆಯಲ್ಲಿ ನಾಲ್ಕು ಕುಳ್ಳು ಉರಿದರೆ ಬೂದಿ ಮಾತ್ರ ಉಳಿಯುತ್ತದೆ. ಆಳೆತ್ತರದ ಸೆಗಣಿಯ ರಾಶಿಗೆ ಬೆಂಕಿ ಬಿದ್ದರೆ ಒಳಗಿನ ಕಾವು ಬಹಳ ಏರಿ, ಸಿಲಿಕಾ ಕರಗಿ, ಆರಿದ ಮೇಲೆ ಗಾಜಿನಂಥ ಹೆಂಟೆಗಳಾಗುತ್ತವೆ. ಯುದ್ಧದ ಮಹಾಚಿತೆಯಂತೆ ತೋರುತ್ತಿದ್ದ ದಿಬ್ಬದ ರಹಸ್ಯ ಇಷ್ಟೇ ಆಗಿತ್ತು.

ನಂತರದ ಪರೀಕ್ಷೆಗಳು

ಫೂಟ್ ಅವರ ಅಭಿಪ್ರಾಯವನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ಇವು ಕಬ್ಬಿಣದ ಅದಿರನ್ನು ಕರಗಿಸಿದ ಕುಲುಮೆಗಳ ಕಿಟ್ಟವೆಂದು ಕೆಲವರು ವಾದಿಸಿದರು. ಬಹಳ ಈಚಿನ ಕಾಲದ ಬೆಂಕಿಯ ಗುರುತುಗಳೆಂದು ಇನ್ನು ಕೆಲವರು ಭಾವಿಸಿದರು. ಚರ್ಚೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ಇಂದಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ಬೂದಿದಿಬ್ಬವನ್ನು ಪದರ ಪದರವಾಗಿ ಅಗೆದರು. ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳೂ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ಅಲ್ಲಿ ಸ್ಪಷ್ಟವಾಗಿ ಕಂಡವು. ದೊಡ್ಡಿಯಲ್ಲಿ ಸೆಗಣಿ ಸಂಗ್ರಹವಾಗುವುದು, ಅದನ್ನು ಸುಡುವುದು, ಮತ್ತೆ ಅದೇ ಸ್ಥಳದಲ್ಲಿ ದನ ಕಟ್ಟುವುದು ಹಲವು ಬಾರಿ ನಡೆದಿತ್ತು. ಲಂಡನ್ನಿನ ವಿಜ್ಞಾನಿ ಎಫ್. ಇ. ಜ಼ಾಯ್ನರ್ ಅವರು ಬಳ್ಳಾರಿ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿ ಅದು ಸೆಗಣಿಯಿಂದಲೇ ಆದದ್ದೆಂದು 1960ರಲ್ಲಿ ಪ್ರಕಟಿಸಿದರು. ಇಂಗಾಲದ ಕಾಲನಿರ್ಣಯ ವಿಧಾನ ಬಂದ ಮೇಲೆ ಇಂಥ ನೆಲೆಗಳಲ್ಲಿ ಹಳೆಯವು ಕ್ರಿ.ಪೂ. 3ನೆಯ ಸಹಸ್ರಮಾನಕ್ಕೆ ಸೇರಿದವೆಂದು ತಿಳಿದುಬಂದಿತು. 1990ರ ದಶಕದಲ್ಲಿ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನದಲ್ಲಿ ದನದ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿ ಇದ್ದುದು ಕಂಡುಬಂದಿತು.

ಸೆಗಣಿಯನ್ನು ಏಕೆ ಸುಡುತ್ತಿದ್ದರೆಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ದೊಡ್ಡಿಯನ್ನು ಶುಚಿಗೊಳಿಸಲು ಮತ್ತು ದನಗಳ ರೋಗ ತಡೆಯಲು ಹೀಗೆ ಮಾಡಿರಬಹುದೆಂಬುದು ಒಂದು ಅಭಿಪ್ರಾಯ. ಹೋಳಿ, ಸಂಕ್ರಾಂತಿಗಳಲ್ಲಿ ಬೆಂಕಿ ಹಚ್ಚುವಂತೆ ಋತುಮಾನದ ಆಚರಣೆಯಾಗಿತ್ತೆಂಬುದು ಮತ್ತೊಂದು. ಎರಡೂ ಕಾರಣಗಳು ಒಟ್ಟಿಗೆ ಇದ್ದಿರಲು ಸಾಧ್ಯವಿದೆ.

ಟ್ರಾಯ್ ಉತ್ಖನನದೊಂದಿಗೆ ಹೋಲಿಕೆ

ಫೂಟ್ ಅವರು ಕೃಷ್ಣಾ ಕಣಿವೆಯಲ್ಲಿ ಸಂಚರಿಸುತ್ತಿದ್ದ ವರ್ಷಗಳಲ್ಲಿಯೇ ಇಂದಿನ ತುರ್ಕಿಯ ಹಿಸ್ಸಾರ್ಲಿಕ್ ದಿಬ್ಬದಲ್ಲಿ ಜರ್ಮನಿಯ ವ್ಯಾಪಾರಿ ಹೈನ್‌ರಿಖ್ ಶ್ಲೀಮನ್ ಅವರು ಗ್ರೀಕ್ ಮಹಾಕವಿ ಹೋಮರನ ಇಲಿಯಡ್ ಕಾವ್ಯದ ಟ್ರಾಯ್ ನಗರವನ್ನು ಹುಡುಕುತ್ತಿದ್ದರು. ಆ ದಿಬ್ಬವೇ ಟ್ರಾಯ್ ಎಂದು ಅವರಿಗಿಂತ ಮೊದಲೇ ನಂಬಿ ಅಗೆತ ಆರಂಭಿಸಿದ್ದವರು ಫ್ರಾಂಕ್ ಕಾಲ್ವರ್ಟ್. 1873ರಲ್ಲಿ ಬಂಗಾರದ ಒಡವೆಗಳ ನಿಧಿ ಸಿಕ್ಕಾಗ ಶ್ಲೀಮನ್ ಅವರು ಅದನ್ನು ಟ್ರಾಯಿನ ಅರಸ ಪ್ರಿಯಾಮನ ನಿಧಿಯೆಂದು ಸಾರಿದರು. ಆದರೆ ಆ ಪದರ, ಟ್ರಾಯ್ ಯುದ್ಧ ನಡೆದಿರಬಹುದಾದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯದೆಂದು ನಂತರ ತಿಳಿಯಿತು. ಕಾವ್ಯದ ನಗರವನ್ನು ತಲುಪುವ ಅವಸರದಲ್ಲಿ ಅವರು ಮೇಲಿನ ಪದರಗಳ ಬಹುಭಾಗವನ್ನು ಕಡಿದುಹಾಕಿದ್ದರು. ವಿಲ್ಹೆಲ್ಮ್ ಡೋರ್ಪ್‌ಫೆಲ್ಡ್, ಕಾರ್ಲ್ ಬ್ಲೇಗನ್, ಮಾನ್‌ಫ್ರೆಡ್ ಕೋರ್ಫ್‌ಮನ್ ಮುಂತಾದವರ ಉತ್ಖನನಗಳಿಂದ ಕ್ರಿ.ಪೂ. 1200ರ ಸುಮಾರಿಗೆ ಸುಟ್ಟು ನಾಶವಾದ ಪದರವೊಂದು ಅಲ್ಲಿದೆಯೆಂದು ಖಚಿತವಾಗಿದೆ. ಅದು ಹೋಮರನು ಹಾಡಿದ ಯುದ್ಧದ್ದೇ ಎಂದು ಹೇಳುವಷ್ಟು ಸಾಕ್ಷ್ಯ ದೊರೆತಿಲ್ಲ.

ಈ ಎರಡು ಪ್ರಸಂಗಗಳಲ್ಲಿ ಸಾಮ್ಯವೂ ವ್ಯತ್ಯಾಸವೂ ಇವೆ. ಎರಡೂ ಕಡೆ ಕಾವ್ಯದ ಕಥೆ ಒಂದು ದಿಬ್ಬಕ್ಕೆ ಅಂಟಿಕೊಂಡಿತ್ತು. ಎರಡೂ ಕಡೆ ಬೆಂಕಿಯ ಗುರುತು ನಿಜವಾಗಿತ್ತು. ಶ್ಲೀಮನ್ ಅವರು ಕಾವ್ಯವನ್ನು ಮೊದಲೇ ನಂಬಿ, ಸಿಕ್ಕ ವಸ್ತುಗಳಿಗೆ ಅದರ ಹೆಸರುಗಳನ್ನಿಟ್ಟರು. ಫೂಟ್ ಅವರು ವಸ್ತುಗಳನ್ನು ಮೊದಲು ನೋಡಿ, ಅವು ಹೇಳುವ ಕಾಲವನ್ನು ಒಪ್ಪಿಕೊಂಡರು. ಬಳ್ಳಾರಿಯ ದಿಬ್ಬಗಳಿಂದ ರಾಮಾಯಣ ಅಥವಾ ಮಹಾಭಾರತದ ಯುದ್ಧ ನಡೆಯಿತೆಂದಾಗಲಿ, ನಡೆಯಲಿಲ್ಲವೆಂದಾಗಲಿ ಸಿದ್ಧವಾಗುವುದಿಲ್ಲ. ಆ ಬೂದಿ ಯುದ್ಧದ್ದಲ್ಲವೆಂಬುದಷ್ಟೇ ಸಿದ್ಧವಾಗುತ್ತದೆ. ಹಾಗೆಂದು ಜನರ ಐತಿಹ್ಯ ನಿಷ್ಪ್ರಯೋಜಕವೂ ಅಲ್ಲ. ದಿಬ್ಬ ಸಹಜವಾಗಿ ಆದದ್ದಲ್ಲ, ಬಹಳ ಹಿಂದೆ ಯಾರೋ ಹೊತ್ತಿಸಿದ ದೊಡ್ಡ ಬೆಂಕಿಯಿಂದ ಆದದ್ದೆಂಬ ಮೂಲ ಸಂಗತಿಯನ್ನು ಊರಿನ ಕಥೆ ಸರಿಯಾಗಿಯೇ ಗ್ರಹಿಸಿತ್ತು.

ನಿವೃತ್ತಿ ಮತ್ತು ಸಂಗ್ರಹ

ಫೂಟ್ ಅವರು 1891ರಲ್ಲಿ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದರು. ಬಳಿಕ ಬರೋಡಾ ಸಂಸ್ಥಾನದ ಭೂವಿಜ್ಞಾನಿಯಾಗಿ ಕೆಲಸ ಮಾಡಿದರು. ಆ ಸಂಸ್ಥಾನದ ಭೂವಿಜ್ಞಾನವನ್ನು ಕುರಿತ ಅವರ ಗ್ರಂಥ 1898ರಲ್ಲಿ ಪ್ರಕಟವಾಯಿತು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದಾಗ ಅದರ ಆರಂಭದ ಹೊಣೆಯನ್ನು ಇವರಿಗೆ ವಹಿಸಲಾಯಿತು.

ವೃತ್ತಿಯ ಸಂಚಾರದಲ್ಲಿ ಸಂಗ್ರಹಿಸಿದ ಸಾವಿರಾರು ವಸ್ತುಗಳನ್ನು ಅವರು ಸೇಲಂ ಸಮೀಪದ ಏರ್ಕಾಡಿನ ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯ ಈ ಸಂಗ್ರಹವನ್ನು ಕೊಂಡುಕೊಂಡಿತು. ದಕ್ಷಿಣ ಮತ್ತು ಪಶ್ಚಿಮ ಭಾರತದ 400ಕ್ಕೂ ಹೆಚ್ಚು ನೆಲೆಗಳ ವಸ್ತುಗಳು ಇದರಲ್ಲಿವೆ. ಸಂಗ್ರಹದ ವಿವರಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿ ಫೂಟ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಅದು ಅಚ್ಚಾಗಿ ಬರುವುದನ್ನು ಅವರು ನೋಡಲಿಲ್ಲ. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ನಿಧನರಾದರು. ವಿವರಪಟ್ಟಿ 1914ರಲ್ಲಿಯೂ, ವಸ್ತುಗಳ ಕಾಲ ಮತ್ತು ಹಂಚಿಕೆಯನ್ನು ಕುರಿತ ಸಂಪುಟ 1916ರಲ್ಲಿಯೂ ಹೊರಬಂದವು. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ವಿಧಾನ ಮತ್ತು ಮಿತಿಗಳು

ಫೂಟ್ ಅವರು ಪ್ರಾಚೀನ ವಸ್ತುಗಳನ್ನು ಹಳೆ ಶಿಲಾಯುಗ, ನವಶಿಲಾಯುಗ ಮತ್ತು ಕಬ್ಬಿಣ ಯುಗದ ಎರಡು ಹಂತಗಳಾಗಿ ವಿಂಗಡಿಸಿದರು. ಹಳೆ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ದೀರ್ಘವಾದ ಅಂತರವಿತ್ತೆಂದು ಅವರು ಭಾವಿಸಿದ್ದರು. ನಡುವಿನ ಹಂತಗಳಿಗೆ ಸೇರಿದ ಅನೇಕ ನೆಲೆಗಳು ನಂತರದ ಸಂಶೋಧನೆಯಲ್ಲಿ ದೊರೆತುದರಿಂದ ಈ ಅಭಿಪ್ರಾಯ ಇಂದು ಉಳಿದಿಲ್ಲ. ಅವರ ಸಂಗ್ರಹದ ಹೆಚ್ಚಿನ ವಸ್ತುಗಳು ನೆಲದ ಮೇಲೆ ಸಿಕ್ಕವು, ಕ್ರಮಬದ್ಧ ಉತ್ಖನನದಿಂದ ಬಂದವಲ್ಲ. ವರ್ಷಗಳಲ್ಲಿ ಕಾಲವನ್ನು ಅಳೆಯುವ ಸಾಧನವೂ ಆಗ ಇರಲಿಲ್ಲ. ಆದರೂ ಯಾವ ವಸ್ತು ಯಾವ ಊರಿನ ಯಾವ ಭಾಗದಲ್ಲಿ ದೊರೆಯಿತೆಂಬುದನ್ನು ಅವರು ಬರೆದಿಟ್ಟಿದ್ದರಿಂದ ನಂತರದವರು ಅದೇ ಸ್ಥಳಗಳಿಗೆ ಮರಳಿ ಹೋಗಿ ಪರೀಕ್ಷಿಸಲು ಸಾಧ್ಯವಾಯಿತು.

ಪರಂಪರೆ ಮತ್ತು ನೆಲೆಗಳ ಇಂದಿನ ಸ್ಥಿತಿ

ಕಪ್ಪಗಲ್ಲು ಮತ್ತು ಅದಕ್ಕೆ ಹೊಂದಿಕೊಂಡ ಸಂಗನಕಲ್ಲು ಗುಡ್ಡಗಳು ದಕ್ಷಿಣ ಭಾರತದ ನವಶಿಲಾಯುಗದ ಅಧ್ಯಯನಕ್ಕೆ ಇಂದಿಗೂ ಕೇಂದ್ರವಾಗಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಅವರೂ ವಿದೇಶದ ವಿದ್ವಾಂಸರೂ ಸೇರಿ ಇಲ್ಲಿ ವಿಸ್ತಾರವಾದ ಸಂಶೋಧನೆ ನಡೆಸಿದ್ದಾರೆ. ಬಳ್ಳಾರಿಯಲ್ಲಿ ಸ್ಥಾಪಿತವಾಗಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ರಾಬರ್ಟ್ ಬ್ರೂಸ್ ಫೂಟ್ ಅವರ ಮತ್ತು ಸಂಗನಕಲ್ಲಿನ ಹೆಸರನ್ನು ಇಡಲಾಗಿದೆ.

ಫೂಟ್ ಅವರು ನೋಡಿದ ನೆಲೆಗಳೆಲ್ಲ ಇಂದು ಉಳಿದಿಲ್ಲ. ಬೂದಿ ಒಳ್ಳೆಯ ಗೊಬ್ಬರವಾದುದರಿಂದ ಅನೇಕ ದಿಬ್ಬಗಳನ್ನು ಅಗೆದು ಹೊಲಗಳಿಗೆ ಸಾಗಿಸಲಾಗಿದೆ. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಭಾಗಗಳು ಕಲ್ಲು ಗಣಿಗಾರಿಕೆಯಿಂದ ಹಾನಿಗೊಂಡಿವೆ. ಐದು ಸಾವಿರ ವರ್ಷ ಹಳೆಯ ದೊಡ್ಡಿಯೊಂದರ ಬೂದಿ ಒಮ್ಮೆ ಹೊಲದ ಮಣ್ಣಿನಲ್ಲಿ ಬೆರೆತರೆ, ಅದರೊಳಗಿನ ಗೊರಸಿನ ಗುರುತು, ಗೂಟದ ಕುಳಿ, ಕಾಳಿನ ಕರಿ ಯಾವುದೂ ಮತ್ತೆ ಸಿಗುವುದಿಲ್ಲ. ದೇವರ ಅಥವಾ ರಾಕ್ಷಸನ ಕಥೆ ಅಂಟಿಕೊಂಡಿರುವ ದಿಬ್ಬಗಳನ್ನು ಊರವರು ಮುಟ್ಟಲು ಅಂಜುತ್ತಾರೆ. ಕಥೆ ಮರೆತುಹೋದ ದಿಬ್ಬಕ್ಕೆ ಆ ರಕ್ಷಣೆಯೂ ಇಲ್ಲ. ಅಂಥ ಕಡೆಗಳಲ್ಲಿ ಹಿಂದಿನ ನೆಲೆಯನ್ನು ತಿಳಿಯಲು ಫೂಟ್ ಅವರ ವಿವರಪಟ್ಟಿ ಮತ್ತು ಚೆನ್ನೈ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲುಗಳೇ ಆಧಾರವಾಗಿವೆ.